ಮಲಗುವ ಮೊದಲು ನಾಯಿ ಯಾಕೆ ಸುತ್ತುತ್ತದೆ

ಲೋಕ ಆಗಷ್ಟೇ ಹೊಸದು. ಬೆಟ್ಟಗಳಿಗೆ ಕೂರಲು ಜಾಗ ಸಿಕ್ಕಿತ್ತು. ಹೊಳೆಗಳಿಗೆ ಮಾತ್ರ ದಾರಿ ಇನ್ನೂ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ರಾಗಿ ಇತ್ತಾ ಎಂದು ಕೇಳಬೇಡಿ. ಇತ್ತು. ರಾಗಿ ಇಲ್ಲದೆ ಈ ಕಥೆ ನಡೆಯುವುದಿಲ್ಲ.

ಆ ಕಾಲದ ಜನರಿಗೆ ಒಂದು ಕಟ್ಟಳೆ ಇತ್ತು. ಯಾರ ಮನೆಯಲ್ಲಿ ಉಂಡರೋ ಅವರ ಮನೆಯವರಾಗಿಬಿಡಬೇಕು. ಬೆಟ್ಟ ಹಾಗೆ ಹೇಳಿತ್ತಂತೆ. ಬೆಟ್ಟ ಬಾಯಿ ಬಿಡುವುದೇ ಅಪರೂಪ, ಹಾಗಾಗಿ ಅದರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ತಮ್ಮವರು ಎಲ್ಲಿ ಕೈತಪ್ಪಿ ಹೋಗುತ್ತಾರೋ ಎಂಬ ಹೆದರಿಕೆಗೆ ಜನ ಪಕ್ಕದ ಮನೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಈರಕ್ಕನಿಗೆ ಈ ಕಟ್ಟಳೆಯ ಬಿಸಿ ಚೆನ್ನಾಗಿಯೇ ತಟ್ಟಿತ್ತು. ಅವಳ ಒಬ್ಬನೇ ತಮ್ಮ ಹೊಳೆಯಾಚೆ ಹೋದವನು ಹಸಿವು ತಾಳದೆ ಯಾರದೋ ಮನೆಯಲ್ಲಿ ಉಂಡು, ಅಲ್ಲಿಯವನೇ ಆಗಿಬಿಟ್ಟಿದ್ದ. ಅಂದಿನಿಂದ ಅವಳು ಒಬ್ಬಳೇ ಒಲೆ ಹಚ್ಚುತ್ತಿದ್ದಳು, ಒಬ್ಬಳಿಗೇ ಮುದ್ದೆ ಕಟ್ಟುತ್ತಿದ್ದಳು.

ಕಳ್ಳಿ ಬೇಲಿಯ ಆಚೆ ಬೋರಣ್ಣ, ಅವನ ಹೆಂಡತಿ ಲಕ್ಕಮ್ಮ ಇದ್ದರು. ಇದ್ದರೇನು, ಮಾತಿಲ್ಲ ಕತೆಯಿಲ್ಲ. ಅವರ ಮನೆಯ ಸಾರಿನ ವಾಸನೆ ಬಂದರೆ ಈರಕ್ಕ ಮೂಗಿಗೆ ಸೆರಗು ಹಿಡಿಯುತ್ತಿದ್ದಳು.

"ವಾಸ್ನೆ ನೋಡಿದ್ರೂ ತಪ್ಪಾ ಅಕ್ಕಾ?" ಎಂದು ಗಾಳಿ ಕೇಳುತ್ತಿತ್ತು.

"ನಿಂಗೇನಪ್ಪ, ಮನೆಯಿಲ್ಲ ಮಠವಿಲ್ಲ. ನಿನ್ ಪಾಡಿಗೆ ನೀನು ಹೋಗು," ಎನ್ನುತ್ತಿದ್ದಳು ಈರಕ್ಕ.

ಒಂದು ಬೆಳಿಗ್ಗೆ ದಾರಿ ಕೇಳಲು ಬಂದ ಹೊಳೆ ಅವಳ ಬಾಗಿಲಲ್ಲಿ ಒಂದು ನಾಯಿಮರಿಯನ್ನು ಬಿಟ್ಟಿತು. "ಎಲ್ಲಿಂದ ತಂದೆ ಅನ್ನೋದೇ ಮರ್ತೋಯ್ತು ಕಣಕ್ಕ. ನೀನೇ ಇಟ್ಕೋ," ಎಂದು ಹರಿದುಹೋಯಿತು. ಬೂದಿ ಬಣ್ಣದ ಮರಿ, ಚಳಿಗೆ ಗಡಗಡ ನಡುಗುತ್ತಿತ್ತು. ಈರಕ್ಕ ಅದನ್ನು ಒಲೆಯ ಮುಂದೆ ಕೂರಿಸಿ ಮುದ್ದೆಯ ಚೂರು ಹಾಕಿದಳು. ಅವಳು ಒಂದು ತುತ್ತು ನುಂಗುವವರೆಗೆ ಮರಿ ಬಾಯಿ ಹಾಕಲಿಲ್ಲ.

"ತಿಂದ್ಯಲ್ಲ ಬೂದ, ಇನ್ನು ನೀನು ನಮ್ಮನೆಯೋನು," ಎಂದಳು. ಎಷ್ಟೋ ಕಾಲದ ಮೇಲೆ 'ನಮ್ಮ' ಎಂದವಳು ಇನ್ನೊಂದು ಚೂರು ಮುದ್ದೆ ಹಾಕಿದಳು.

ಆದರೆ ನಾಯಿಗೆ ಕಟ್ಟಳೆ ಗಿಟ್ಟಳೆ ಏನು ಗೊತ್ತು? ಬೂದ ಇಲ್ಲಿ ಉಂಡು ಬೇಲಿ ನುಸುಳಿ ಅಲ್ಲಿಯೂ ಉಣ್ಣುತ್ತಿದ್ದ. ಲಕ್ಕಮ್ಮ ಅವನನ್ನು 'ಮರಿ' ಎಂದು ಕರೆದು ಸಾರಿನಲ್ಲಿ ಮುದ್ದೆ ಕಲಸಿ ಇಡುತ್ತಿದ್ದಳು. ನಾಯಿ ಗುಂಡುಗುಂಡಾಯಿತು. ನಮ್ಮ ಕೈ ಅಡುಗೆ ಎಷ್ಟು ಚೆನ್ನಾಗಿ ಒಗ್ಗಿದೆ ಎಂದು ಎರಡೂ ಮನೆಯವರು ಬೀಗಿದ್ದೇ ಬೀಗಿದ್ದು.

ಒಂದು ದಿನ ಬೂದಿ ಚೆಲ್ಲಲು ಹೋದ ಈರಕ್ಕ ಬೇಲಿಯ ಸಂದಿಯಲ್ಲಿ ಇಣುಕಿ ನೋಡಿದಳು. ಲಕ್ಕಮ್ಮನ ಅಂಗಳದಲ್ಲಿ ಬೂದ ತಟ್ಟೆ ನೆಕ್ಕುತ್ತಿದ್ದ!

"ಲಕ್ಕಮ್ಮಾ! ಕೂಳು ಹಾಕಿ ನಮ್ ಬೂದನ್ನ ಕಿತ್ಕೊಳ್ಳೋ ಹುನ್ನಾರವಾ?"

"ಯಾವ ಬೂದ? ಇವನು ನಮ್ ಮರಿ. ನಮ್ಮನೇಲೇ ಉಂಡು ಬೆಳ್ದೋನು!"

ಬೋರಣ್ಣ ಜಗಳ ಬಿಡಿಸಲು ಬಂದವನು ತಾನೇ ನಾಲ್ಕು ಮಾತು ಜಾಸ್ತಿ ಆಡಿದ. ಕೊನೆಗೆ, "ಬೆಟ್ಟಾನೇ ಕೇಳೋಣ," ಎಂದ. ಕೇಳಿದರು. ಬೆಟ್ಟ "ಹೂಂ..." ಎಂದು ಶುರು ಮಾಡಿತು. ಮಧ್ಯಾಹ್ನವಾದರೂ ಆ 'ಹೂಂ' ಮುಗಿಯಲೇ ಇಲ್ಲ.

ಕಾದು ಸಾಕಾಗಿ ಅವರೇ ಒಂದು ತೀರ್ಮಾನಕ್ಕೆ ಬಂದರು. ಎರಡು ಮನೆಯವರೂ ತಮ್ಮ ತಮ್ಮ ಬಾಗಿಲಲ್ಲಿ ಊಟ ಇಟ್ಟು ಕರೆಯುವುದು. ನಾಯಿ ಎಲ್ಲಿ ಉಣ್ಣುತ್ತದೋ ಆ ಮನೆಯದು.

"ಬೂದಾ, ಬಾರೋ ನನ್ನಪ್ಪ!" ಎಂದಳು ಈರಕ್ಕ.

"ಮರೀ, ಬಾ ಬಾ!" ಎಂದಳು ಲಕ್ಕಮ್ಮ.

ನಾಯಿ ಈ ಕಡೆ ಓಡಿ ಬಂತು, ಅರ್ಧ ದಾರಿಯಲ್ಲಿ ತಿರುಗಿ ಆ ಕಡೆ ಓಡಿತು. ಯಾವ ಕಡೆ ಓಡಿದರೂ ಬೆನ್ನ ಹಿಂದೆ ಯಾರೋ ಒಬ್ಬರು ಅಳುಮುಖ ಮಾಡುತ್ತಿದ್ದರು. ಕಡೆಗೆ ದಾರಿಯ ನಡುವೆ ಕುಕ್ಕರಿಸಿ ಕಿವಿ ಜೋಲು ಬಿಟ್ಟಿತು. ಅವತ್ತು ಉಣ್ಣಲಿಲ್ಲ. ಮಾರನೆಯ ದಿನವೂ ಉಣ್ಣಲಿಲ್ಲ, ವಾರ ಕಳೆದರೂ ಉಣ್ಣಲಿಲ್ಲ. ಆಮೇಲೆ ನೀರಿಗೂ ಬಾಯಿ ಹಾಕಲಿಲ್ಲ.

ಗಾಳಿ ಹೋಗಿ ಬೂದನ ಮೂಗಿನ ಹತ್ತಿರ ನಿಂತು ಬಂತು. "ಅಕ್ಕಾ, ಅವನ ಉಸಿರು ನಂಗೇ ಹುಡುಕಿದ್ರೂ ಸಿಗ್ತಿಲ್ಲ," ಎಂದಿತು.

ಈರಕ್ಕ ದಡಕ್ಕನೆ ಎದ್ದಳು. ಕೈಯಲ್ಲಿದ್ದ ಮುದ್ದೆಯ ಗಂಗಾಳದ ಸಮೇತ ಓಡಿಬಂದಳು. ಅತ್ತಲಿಂದ ಲಕ್ಕಮ್ಮ ಸಾರಿನ ಮಡಕೆ ಹಿಡಿದು ಓಡಿಬಂದಳು. ಇಬ್ಬರೂ ನಾಯಿಯ ಆಚೀಚೆ ಕೂತರು.

"ಬೇರೆ ಬೇರೆ ಇಟ್ರೆ ತಾನೆ ಇವನಿಗೆ ಕಷ್ಟ? ನನ್ ಮುದ್ದೆಗೆ ನಿನ್ ಸಾರು ಹಾಕು," ಎಂದಳು ಈರಕ್ಕ.

ಲಕ್ಕಮ್ಮ ಹಾಕಿದಳು. ನಾಯಿ ಮೂಸಿ ನೋಡಿತು. ಬಾಯಿ ಹಾಕಲಿಲ್ಲ. ಈರಕ್ಕನ ಮುಖ ನೋಡಿತು.

ಅವಳಿಗೆ ಅರ್ಥವಾಯಿತು. ಮನೆಯವರು ಮೊದಲ ತುತ್ತು ನುಂಗದೆ ಬೂದ ಯಾವತ್ತೂ ಉಂಡವನಲ್ಲ. ಆದರೆ ಈ ಸಾರು ಉಂಡರೆ ತನ್ನ ಮನೆ, ತನ್ನ ಒಲೆ ಎಲ್ಲ ಬಿಟ್ಟ ಹಾಗೆಯೇ. ಹೊಳೆಯಾಚೆಯ ತಮ್ಮ ನೆನಪಾದ. ನಾಯಿಯ ಪಕ್ಕೆ ನೋಡಿದಳು, ಒಂದೊಂದು ಮೂಳೆಯೂ ಕಾಣುತ್ತಿತ್ತು.

ಈರಕ್ಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದಳು.

"ಇನ್ನು ನಾನು ನಿಮ್ಮನೆಯೋಳು ಕಣೆ ಲಕ್ಕಮ್ಮ," ಎಂದು ಅತ್ತುಬಿಟ್ಟಳು.

ಲಕ್ಕಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು. ಆಮೇಲೆ ಅದೇ ಗಂಗಾಳಕ್ಕೆ ಕೈ ಹಾಕಿ ಈರಕ್ಕನ ಮುದ್ದೆ ಮುರಿದು ನುಂಗಿದಳು. "ಹಂಗಾದ್ರೆ ನಾನು ನಿಮ್ಮನೆಯೋಳು ಅಕ್ಕಾ."

ಬೋರಣ್ಣ ತಲೆ ಕೆರೆದುಕೊಂಡ. "ಅವಳು ನಮ್ಮನೆಯೋಳು, ನೀನು ಅವಳ ಮನೆಯೋಳು. ನಾನ್ಯಾರು ಹಂಗಾದ್ರೆ?"

"ಉಣ್ಣಕ್ಕೆ ಕೂತ್ಕೊಳ್ಳಿ, ಗೊತ್ತಾಗುತ್ತೆ," ಎಂದಳು ಲಕ್ಕಮ್ಮ.

ಅವನೂ ಕೂತ. ಆಗ ಬೂದ ತಲೆ ಎತ್ತಿ ಪಚಪಚ ನೆಕ್ಕತೊಡಗಿದ. ದೂರದಲ್ಲಿ ಬೆಟ್ಟದ 'ಹೂಂ' ಅಂತೂ ಮುಗಿಯಿತು. "ಕೂಡಿ ಉಂಡೋರೆಲ್ಲ ಒಂದೇ ಮನೆಯೋರು. ಅದನ್ನೇ ಕಣ್ರೋ ನಾನು ಅವತ್ತು ಹೇಳಿದ್ದು," ಎಂದು ಬೆಟ್ಟ ಮತ್ತೆ ಸುಮ್ಮನಾಯಿತು.

ಹೊಟ್ಟೆ ತುಂಬಿದ ಮೇಲೆ ಬೂದ ಎದ್ದು ನಿಂತ. ಅಲ್ಲಿಯವರೆಗೆ ನಾಯಿಗಳು ನಿಂತಲ್ಲೇ ಧೊಪ್ಪೆಂದು ಬಿದ್ದುಕೊಳ್ಳುತ್ತಿದ್ದವು. ಬೂದ ಹಾಗೆ ಮಾಡಲಿಲ್ಲ. ಈರಕ್ಕ ಇದ್ದಾಳಾ? ಇದ್ದಾಳೆ. ಸ್ವಲ್ಪ ತಿರುಗಿದ. ಲಕ್ಕಮ್ಮ? ಇದ್ದಾಳೆ. ಇನ್ನೂ ತಿರುಗಿದ. ಬೋರಣ್ಣ? ಅಲ್ಲೇ ಬೆರಳು ಚೀಪುತ್ತಿದ್ದಾನೆ. ಎಲ್ಲರೂ ಇದ್ದಾರೆ ಎಂದು ಖಾತ್ರಿಯಾದ ಮೇಲೆ ನಿಟ್ಟುಸಿರು ಬಿಟ್ಟು ಅವರ ನಡುವೆ ಮುದುರಿ ಮಲಗಿದ.

ಅದಕ್ಕೇ ನೋಡಿ, ಇವತ್ತಿಗೂ ನಿಮ್ಮ ಬೀದಿಯ ನಾಯಿ ಸುತ್ತು ಹಾಕದೆ ಮಲಗುವುದಿಲ್ಲ. ಒಂದು ಸುತ್ತು ಜಾಸ್ತಿ ಹಾಕಿದರೆ, ಅದರವರು ಯಾರೋ ಇನ್ನೂ ಮನೆಗೆ ಬಂದಿಲ್ಲವೆಂದೇ ಅರ್ಥ.