ಹತ್ತು ಪೆಟ್ಟಿನ ತೀರ್ಪು

ಅಳಿವೆಯ ಕೆಸರಿನಲ್ಲಿ ದೋಣಿಗಳು ಬಂದು ನಿಲ್ಲಲು ಕಂಬಗಳ ಮೇಲೊಂದು ಹಲಗೆಯ ದಕ್ಕೆ ಕಟ್ಟುವಾಗ, ನೆಲಕ್ಕೆ ಬಡಿದ ಮರದ ಕಂಬ ಎಷ್ಟು ಭಾರ ಹೊರುತ್ತದೆಂದು ಹೇಳುವ ಅಧಿಕಾರ ಕಬ್ಬಿಣದ ಸುತ್ತಿಗೆಯದಾಗಿತ್ತು. ಅದರ ಲೆಕ್ಕ ಬಲು ಸರಳ ನೋಡಿ: ಹತ್ತು ಪೆಟ್ಟಿಗೆ ಕಂಬ ಎಷ್ಟು ಕಡಿಮೆ ಇಳಿಯುತ್ತದೋ ಅಷ್ಟು ಗಟ್ಟಿ.

ಮೂಲೆಯ ಕಂಬ ಮೊದಮೊದಲು ಮೊಳಗಟ್ಟಲೆ ಇಳಿಯಿತು. ಕೊನೆಗೆ ಹತ್ತು ಪೆಟ್ಟು ಬಿದ್ದರೂ ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಭೇಷ್! ಇಪ್ಪತ್ತು ಟನ್ ಹೊರುತ್ತೀಯ," ಎಂದಿತು ಸುತ್ತಿಗೆ.

ಕಂಬಕ್ಕೆ ಹೆದರಿಕೆಯಾಯಿತು. ನಾಳೆ ತನ್ನನ್ನು ನಂಬಿ ಜನ ಮೇಲೆ ನಿಲ್ಲುವವರಲ್ಲವೇ! "ತಪ್ಪು ತಿಳಿಯಬೇಡಿ ಸ್ವಾಮಿ, ನನ್ನ ಕಾಲಡಿ ಇನ್ನೂ ಬರೀ ಕೆಸರು. ತಲೆ ಜಜ್ಜಿ ಪೊರಕೆಯ ಹಾಗಾಗಿದೆ, ನಿಮ್ಮ ಪೆಟ್ಟೆಲ್ಲ ಅದರಲ್ಲೇ ಇಂಗಿಹೋಗುತ್ತಿದೆ. ಗರಗಸ ಕರೆಸಿ ಅಷ್ಟನ್ನು ಕೊಯ್ಯಿಸಿ, ಆಮೇಲೆ ಬಡಿಯಿರಿ."

"ಹೊಗಳಿದರೂ ಅಳುತ್ತೀಯಲ್ಲೋ! ಪೆಟ್ಟು ಕೊಟ್ಟವನಿಗೆ ಗೊತ್ತೋ, ತಿಂದವನಿಗೆ ಗೊತ್ತೋ?"

"ತಿಂದವನಿಗೇ ಸ್ವಾಮಿ."

"ಬಾಯಿ ಮುಚ್ಚು."

ದಕ್ಕೆ ಎದ್ದು ನಿಂತಿತು. ಮೀನಿನ ಬುಟ್ಟಿಗಳು ಬಂದಿಳಿದ ಮೊದಲ ದಿನವೇ ಮೂಲೆ ಮೊಳದುದ್ದ ಕುಸಿದು, ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ನೀರುಪಾಲಾದಳು.

ವಿಚಾರಣೆಗೆ ಬಂದವರು ಯಾರು ಅಂತೀರಿ? ಅದೇ ಸುತ್ತಿಗೆ! ಹಲಗೆ ಕೀಳಿಸಿ, ಆ ಜಜ್ಜಿದ ತಲೆಯ ಮೇಲೆಯೇ ಮತ್ತೆ ಹತ್ತು ಪೆಟ್ಟು ಹಾಕಿತು. ಕಂಬ ಇಳಿಯಲಿಲ್ಲ.

"ಇದು ಕುಸಿದೇ ಇಲ್ಲ," ಎಂದು ಸುತ್ತಿಗೆ ತೀರ್ಪು ಕೊಟ್ಟಿತು. "ಮಿಕ್ಕವು ಸೊಕ್ಕಿನಿಂದ ಮೇಲೆದ್ದಿವೆ."

ಹಾಗೆಂದು, ಗಟ್ಟಿ ನೆಲ ಮುಟ್ಟಿ ನಿಂತಿದ್ದ ಪಕ್ಕದ ಕಂಬದ ನೆತ್ತಿಯ ಮೇಲೆ ಬೀಳಲು ಮೇಲೇರಿತು.