ಬಕಣ್ಣ ಕತ್ತು ಮಡಚಿದ್ದು

ಲೋಕದ ಬಣ್ಣ ಇನ್ನೂ ಆರಿರಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಆಗ ಕೆರೆಯ ಬೂದು ಬಕಣ್ಣನೂ ಚಳಿಗಾಲಕ್ಕೆ ಉತ್ತರದಿಂದ ಬರುವ ಕ್ರೌಂಚಗಳೂ ಕತ್ತನ್ನು ನೀಳವಾಗಿ ಚಾಚಿಕೊಂಡೇ ಹಾರುತ್ತಿದ್ದವು. ದೂರದಿಂದ ಯಾರು ಯಾರೆಂದು ಹೇಳಲು ಸೃಷ್ಟಿಸಿದ ಬ್ರಹ್ಮನೂ ತಡವರಿಸುತ್ತಿದ್ದ.

ಕೆರೆಗೆ ಹಿರಿಯಳು ಆಮೆಯಜ್ಜಿ. ಅವಳದೊಂದು ಕಟ್ಟಳೆ. ದೂರದಿಂದ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕೊನ್ನಾರಿ ಹುಲ್ಲಿನ ಗಡ್ಡೆಯ ಊಟ. ಉಂಡು ಮುಗಿಸುವ ತನಕ "ಯಾರು ನೀವು?" ಎಂದು ಕೇಳುವಂತಿಲ್ಲ.

ಕೇಳುವಂತಿಲ್ಲವಂತೆ! ಬಕಣ್ಣನಿಗೆ ಅಷ್ಟೇ ಸಾಕಾಯಿತು.

ಒಂದು ಸಂಜೆ ಗುಡ್ಡದಾಚೆ ಹೋಗಿ, ಕ್ರೌಂಚದ ದನಿಯಲ್ಲಿ "ಕ್ರೂರ್ರ್, ಕ್ರೂರ್ರ್" ಎನ್ನುತ್ತ ಬಂದಿಳಿದ.

"ಬನ್ನಿ, ಬನ್ನಿ. ಎಷ್ಟು ದಣಿದಿದ್ದೀರಿ!" ಮಂದಗಣ್ಣಿನ ಅಜ್ಜಿ ತಾನೇ ಅವನ ಕಾಲಿಗೆ ನೀರೆರಚಿದಳು. ಬಕಣ್ಣ ನಗು ನುಂಗಿದ. ಗಡ್ಡೆ ನುಂಗುವುದು ಮಾತ್ರ ಕಷ್ಟವಾಯಿತು. ಮೀನು ತಿಂದು ಬೆಳೆದ ಬಾಯಿ ನೋಡಿ!

ಅಷ್ಟರಲ್ಲಿ ಗಾಳಿ ಎದ್ದಿತು. ಗಾಳಿಯ ಜೊತೆ ನಿಜವಾದ ಕ್ರೌಂಚ ಬಂದಳು, ಪಕ್ಕದಲ್ಲಿ ಅವಳ ಮರಿ.

"ಇಳಿಯಬಹುದೇನಮ್ಮಾ?"

ಟಿಟ್ಟಿಭ ಹಕ್ಕಿ ಕಿರುಚಿತು: "ಏ ಬಕಾ! ನಿನ್ನ ಆಟ ಗೊತ್ತಿಲ್ಲವೇನೋ ನಮಗೆ? ಕ್ರೌಂಚ ಆಗಲೇ ಬಂದು ಉಣ್ತಾ ಕೂತಿದ್ದಾರೆ. ಮರೀನ ಬೇರೆ ಎಲ್ಲಿಂದ ಕದ್ದು ತಂದೆ? ನಡಿ, ನಡಿ!"

ಹಕ್ಕಿಗಳೆಲ್ಲ ಎದ್ದು ಅಟ್ಟತೊಡಗಿದವು.

"ಅಮ್ಮಾ, ಇನ್ನು ನನ್ನ ಕೈಲಾಗಲ್ಲ," ಎಂದಿತು ಮರಿ. ಅದರ ರೆಕ್ಕೆ ಜೋತುಬಿದ್ದಿತ್ತು.

ಬಕಣ್ಣ ಬಾಯಲ್ಲಿದ್ದ ಗಡ್ಡೆಯನ್ನು ಕೆಳಗಿಟ್ಟ. ಬೈಗುಳ ತನ್ನದು, ಪೆಟ್ಟು ಅವರಿಗೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಾಗೆ ತನಗೆ ಅನ್ನಿಸಿತಲ್ಲ, ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಬಿಡ್ರೋ ಅವರನ್ನ! ಅಜ್ಜೀ... ಬಕ ನಾನು. ಅವರೇ ನಿಜದವರು."

ಹಕ್ಕಿಗಳು ಹಿಂದೆ ಸರಿದವು. ಕ್ರೌಂಚ ಇಳಿದು ಮರಿಯನ್ನು ರೆಕ್ಕೆಯಡಿ ಎಳೆದುಕೊಂಡಳು. ಬಕಣ್ಣ ಬೈಗುಳಕ್ಕಾಗಿ ಕಾದ. ಬೈದರೆ ಬದುಕಿಕೊಳ್ಳುತ್ತಿದ್ದ.

ಅಜ್ಜಿ ಬೈಯಲಿಲ್ಲ. "ಹೌದೇ? ಗುರುತು ಸಿಗಲಿಲ್ಲ ನೋಡಿ. ನೀವಿನ್ನು ಹೊರಡಿ," ಎಂದಳು.

ಹುಟ್ಟಿದಾಗಿನಿಂದ "ಲೋ ಬಕಾ" ಎಂದು ಕರೆದ ಬಾಯಿ ಅದು. ಆ "ನೀವು" ಅವನಿಗೆ ಮುಳ್ಳಿನಂತೆ ನಾಟಿತು. ಮುಖ ಎಲ್ಲಿಡಬೇಕೋ ತಿಳಿಯದೆ, ಉದ್ದನೆಯ ಕತ್ತನ್ನು ಮಡಚಿ, ತಲೆಯನ್ನು ಭುಜದೊಳಗೆ ಹುದುಗಿಸಿಕೊಂಡು ಹಾರಿಹೋದ.

ಅದಕ್ಕೇ ಮಕ್ಕಳೇ, ಚಳಿಗಾಲದಲ್ಲಿ ಕೆರೆಯ ಮೇಲೆ ದೊಡ್ಡ ಬೂದು ಹಕ್ಕಿ ಹಾರಿದರೆ ಮೊದಲು ಕತ್ತು ನೋಡಿ: ನೆಟ್ಟಗೆ ಚಾಚಿದ್ದರೆ ಅದು ದೂರದಿಂದ ಬಂದ ಕ್ರೌಂಚ, ಮಡಚಿಕೊಂಡಿದ್ದರೆ ಅದು ನಮ್ಮ ಬಕಣ್ಣ, ಇನ್ನೂ ಮುಖ ತೋರಿಸಲಾರದೆ ಹೊರಟಿದ್ದಾನೆ.