ತಂಗೆಮ್ಮನ ಐದು ಓಟ

ಹೊಳೆಯ ದಂಡೆಯಲ್ಲಿ ಚನ್ನಬಸವಯ್ಯನವರ ಆಶ್ರಮ. ಸುತ್ತಲಿನ ಊರುಗಳ ಮಕ್ಕಳಿಗೆ ಅವರು ಓಟ, ನೆಗೆತ, ಈಜು ಕಲಿಸುತ್ತಿದ್ದರು. ಹಾಗೆ ಕಲಿಸಬಲ್ಲ ಮೇಷ್ಟ್ರುಗಳನ್ನೂ ತಯಾರು ಮಾಡುತ್ತಿದ್ದರು.

ಶಿಷ್ಯ ರೇವಣಸಿದ್ಧ ಮೂರು ವರ್ಷದಿಂದ ಅವರ ಬಳಿ ಇದ್ದ. ಈಗ ಒಂದು ತಿಂಗಳು ತಾನೇ ಪಾಠ ಮಾಡಿ ತೋರಿಸಬೇಕಿತ್ತು. ಅದು ಗುರುಗಳಿಗೆ ಒಪ್ಪಿಗೆಯಾದರೆ ಅವನೂ ಮೇಷ್ಟ್ರು.

ರೇವಣಸಿದ್ಧ ಪಾಠಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಮೊದಲು ಮೈ ಬಿಸಿ ಮಾಡುವುದು. ಆಮೇಲೆ ಓಟ. ಆಮೇಲೆ ಎರಡು ಗೇಣು ಎತ್ತರದ ಹಗ್ಗ ಹಾರುವುದು. ಯಾರು ಎಲ್ಲಿ ನಿಲ್ಲಬೇಕು, ಯಾವ ಕಾಲೂರಿ ನೆಗೆಯಬೇಕು, ಯಾವುದಕ್ಕೆ ಎಷ್ಟು ಹೊತ್ತು, ಎಲ್ಲವನ್ನೂ ಬರೆದ.

ಹದಿನೈದನೆಯ ದಿನ ಪರೀಕ್ಷೆ ನಡೆಸಿ, ಸಂಜೆ ಪುಸ್ತಕವನ್ನು ಗುರುಗಳ ಮುಂದಿಟ್ಟ.

ಗುರುಗಳ ಬೆರಳು ಕೊನೆಯ ಹೆಸರಿನ ಮೇಲೆ ನಿಂತಿತು.

"ತಂಗೆಮ್ಮ, ಸೊನ್ನೆ. ಯಾಕಪ್ಪಾ?"

"ಹಗ್ಗ ಹಾರಲಿಲ್ಲ ಗುರುಗಳೇ. ಎಲ್ಲರಿಗೂ ಮೂರು ಸಲ ಕೊಟ್ಟರೆ ಅವಳಿಗೆ ಐದು ಸಲ ಕೊಟ್ಟೆ."

"ಹಾರಲಿಲ್ಲ, ಸರಿ. ಏನು ಮಾಡಿದಳು?"

"ಏನೂ ಮಾಡಲಿಲ್ಲ. ಓಡಿ ಬಂದಳು, ನಿಂತಳು. ಐದು ಸಲವೂ ಅಷ್ಟೇ."

"ಹಗ್ಗದಿಂದ ಎಷ್ಟು ದೂರದಲ್ಲಿ ನಿಂತಳು?"

ರೇವಣಸಿದ್ಧ ಪುಸ್ತಕದತ್ತ ನೋಡಿದ. ಅದನ್ನು ಬರೆದಿರಲಿಲ್ಲ.

"ಯಾವ ಕಾಲು ಮುಂದಿತ್ತು?"

ಅದೂ ಗೊತ್ತಿರಲಿಲ್ಲ. "ನಾನು ಹಗ್ಗ ನೋಡುತ್ತಿದ್ದೆ" ಎಂದ.

"ಹಗ್ಗಕ್ಕೆ ಏನಾಯಿತು?"

"ಏನೂ ಆಗಲಿಲ್ಲ."

"ಹಾಗಾದರೆ ಈ ಸೊನ್ನೆ ಹಗ್ಗದ್ದು, ಅವಳದ್ದಲ್ಲ" ಎಂದು ಗುರುಗಳು ಪುಸ್ತಕ ಮುಚ್ಚಿದರು. "ಬಾ, ಇನ್ನೂ ಬೆಳಕಿದೆ."

ಇಬ್ಬರೂ ಮರಳಿಗೆ ಇಳಿದರು. ಪರೀಕ್ಷೆಯಲ್ಲಿ ಒಬ್ಬೊಬ್ಬರು ಹಾರಿದ ಮೇಲೂ ರೇವಣಸಿದ್ಧ ಮರಳನ್ನು ಗುಡಿಸಿ ಸಮ ಮಾಡಿಸುತ್ತಿದ್ದ. ತಂಗೆಮ್ಮನ ಸರದಿ ಕೊನೆಯದು. ಅವಳ ಮೇಲಿನ ಬೇಸರಕ್ಕೆ ಗುಡಿಸದೆ ಹಾಗೇ ಬಿಟ್ಟು ಹೋಗಿದ್ದ. ಅವಳ ಹೆಜ್ಜೆಗಳೆಲ್ಲ ಅಲ್ಲೇ ಇದ್ದವು.

"ಓದು" ಎಂದರು ಗುರುಗಳು.

ರೇವಣಸಿದ್ಧ ಬಗ್ಗಿದ. ಮೊದಲ ಸಲ ಅವಳು ಹಗ್ಗದಿಂದ ನಾಲ್ಕು ಮಾರು ಹಿಂದೆಯೇ ನಿಂತಿದ್ದಳು. ಎರಡನೆಯ ಸಲ ಮೂರು ಮಾರು. ಐದನೆಯ ಸಲ ಹಗ್ಗಕ್ಕೂ ಅವಳ ಕಾಲಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಪ್ರತಿ ಸಲವೂ ಎಡಗಾಲೇ ಮುಂದಿತ್ತು. ಹೆಬ್ಬೆರಳು ಮರಳಿನೊಳಗೆ ಆಳಕ್ಕೆ ಇಳಿದಿತ್ತು.

ಅವನು ಎದ್ದಾಗ ಗುರುಗಳು ಆಗಲೇ ಆಶ್ರಮದ ಕಡೆ ನಡೆದಿದ್ದರು.

ಮರುದಿನ ತಂಗೆಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ರೇವಣಸಿದ್ಧ ಅವಳ ಮನೆ ಹುಡುಕಿಕೊಂಡು ಹೋದ.

ತಾಯಿ ಬಾಗಿಲಲ್ಲಿ ಕೂತು ಜೊಂಡಿನ ಚಾಪೆ ಹೆಣೆಯುತ್ತಿದ್ದಳು. "ಅವಳು ಬರಲ್ಲವಂತೆ ಸ್ವಾಮಿ. ಸೊನ್ನೆ ಬಂತಂತೆ. ಇರಲಿ ಬಿಡಿ, ಚಾಪೆ ಕಲೀತಾಳೆ. ಕೈ ಚುರುಕೈತಿ."

ಒಂಬತ್ತು ವರ್ಷದ ತಂಗೆಮ್ಮ ತಾಯಿಯ ಬೆನ್ನ ಹಿಂದೆ ಜೊಂಡು ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

ರೇವಣಸಿದ್ಧ ನೆಲದ ಮೇಲೆ ಕೂತ. "ತಂಗೆಮ್ಮಾ, ಹಗ್ಗದ ಹತ್ತಿರ ಬಂದು ಬಂದು ಯಾಕೆ ನಿಂತೆ? ಹೆದರಿಕೆಯಾಯಿತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಜೊಂಡು ಸೀಳುತ್ತಲೇ ಹೇಳಿದಳು: "ನೀವು ಬಲಗಾಲೂರಿ ನೆಗೀಬೇಕು ಅಂದ್ರಿ. ನನಗೆ ಎಡಗಾಲೇ ಮುಂದೆ ಬರ್ತದೆ. ತಪ್ಪಾಗ್ತದಲ್ಲಾ ಅಂತ ನಿಂತೆ."

ಬಲಗಾಲು ಎಂದು ಬರೆದವನು ರೇವಣಸಿದ್ಧನೇ. ಅವನು ಊರಿ ನೆಗೆಯುವುದು ಬಲಗಾಲು, ಅದಕ್ಕೇ ಹಾಗೆ ಬರೆದಿದ್ದ.

"ತಪ್ಪು ನನ್ನದು ಕಣಮ್ಮಾ. ನಿನ್ನ ಹೆಜ್ಜೆಗಳನ್ನು ನಾನು ನೋಡಿದೆ. ಒಂದಕ್ಕಿಂತ ಒಂದು ಹತ್ತಿರ ಬಂದಿದ್ದವು."

"ಯಾವಾಗ ನೋಡಿದ್ರಿ?"

"ನೀನು ಹೋದ ಮೇಲೆ."

ತಂಗೆಮ್ಮ ಈಗ ತಲೆ ಎತ್ತಿದಳು. "ಇನ್ನೊಮ್ಮೆ ನಾನು ಇರುವಾಗಲೇ ನೋಡ್ರಿ."

ತಾಯಿಯ ಕೈ ಚಾಪೆಯ ಮೇಲೆ ನಿಂತಿತು. ಮಗಳ ಮುಖ ನೋಡಿ, ಅವಳ ಮಡಿಲಿನಿಂದ ಜೊಂಡಿನ ಕಟ್ಟನ್ನು ತಾನು ಎಳೆದುಕೊಂಡಳು. "ಹೋಗು, ಹೊತ್ತಿಗೆ ಸರಿಯಾಗಿ ಬಾ" ಎಂದಳು.

ಅಂದು ರೇವಣಸಿದ್ಧ ಪುಸ್ತಕದ ಹಳೆಯ ಪಾಠ ಹೊಡೆದುಹಾಕಿದ. ಮರುದಿನದಿಂದ ಮೊದಲರ್ಧ ಹೊತ್ತು ಏನೂ ಹೇಳಿಕೊಡಲಿಲ್ಲ. ಮಕ್ಕಳನ್ನು ಬರಿದೇ ಓಡಲು ಬಿಟ್ಟು, ಹಗ್ಗದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಲುಗಳನ್ನು ನೋಡಿದ. ಇಪ್ಪತ್ತಾರು ಮಕ್ಕಳಲ್ಲಿ ಎಂಟು ಮಂದಿ ಎಡಗಾಲಿನವರು. ಅವರಲ್ಲಿ ಏಳು ಮಂದಿ ಇಷ್ಟು ದಿನ ಹೇಗೋ ಕಾಲು ಬದಲಿಸಿಕೊಂಡು ಹಾರಿದ್ದರು, ಪಾಸಾಗಿದ್ದರು. ಅದನ್ನು ಯಾರೂ ಗಮನಿಸಿರಲಿಲ್ಲ.

ತಿಂಗಳ ಕೊನೆಯ ದಿನ ಮತ್ತೆ ಪರೀಕ್ಷೆ. ತಂಗೆಮ್ಮ ಓಡಿ ಬಂದಳು. ಎಡಗಾಲು ಊರಿದಳು, ನೆಗೆದಳು. ಹಿಮ್ಮಡಿ ತಾಗಿ ಹಗ್ಗ ಬಿತ್ತು. ಅವಳೂ ಮರಳಿನ ಮೇಲೆ ಬಿದ್ದಳು. ಬಾಯಿಗೆ ಹೋದ ಮರಳನ್ನು ಉಗುಳುತ್ತಾ ಕೇಳಿದಳು: "ನೋಡಿದ್ರಾ?"

"ನೋಡಿದೆ" ಎಂದ ರೇವಣಸಿದ್ಧ.

ಸಂಜೆ ಗುರುಗಳು ಪುಸ್ತಕ ತೆರೆದರು. ತಂಗೆಮ್ಮನ ಹೆಸರಿನ ಮುಂದೆ ಹೀಗೆ ಬರೆದಿತ್ತು: 'ಎಡಗಾಲಿನಿಂದ ಸರಿಯಾಗಿ ಎದ್ದಳು. ಹಿಮ್ಮಡಿ ತಾಗಿತು. ತೋಳು ಇನ್ನಷ್ಟು ಬೀಸಿದರೆ ದಾಟುತ್ತಾಳೆ. ಬಿದ್ದ ಮೇಲೆ ತಾನಾಗಿ ಎದ್ದು ಮತ್ತೆ ಸಾಲಿಗೆ ಹೋದಳು.'

ಗುರುಗಳು ಅದನ್ನು ಎರಡು ಸಲ ಓದಿದರು. ಉಳಿದ ಇಪ್ಪತ್ತೈದು ಹೆಸರುಗಳನ್ನೂ ಓದಿದರು.

ರೇವಣಸಿದ್ಧ ತಡೆಯಲಾರದೆ ಕೇಳಿದ: "ಗುರುಗಳೇ, ನನ್ನ ಪಾಠ ಒಪ್ಪಿಗೆಯಾಯಿತೇ? ನಾನು ಮೇಷ್ಟ್ರಾಗಬಹುದೇ?"

ಗುರುಗಳು ಪುಸ್ತಕವನ್ನು ಅವನ ಕೈಗಿತ್ತರು.

"ನಾಲ್ಕು ವರ್ಷದಿಂದ ನನಗೆ ಎಡ ಮಂಡಿ ಪೂರ್ತಿ ಮಡಚಲಾಗುವುದಿಲ್ಲ, ಯಾರಿಗೂ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ನನ್ನ ಕಾಲು ನೋಡಿಕೊಂಡು ನನಗೂ ಒಂದು ಪಾಠ ಬರೆ."